ದೊಡ್ಡವ್ವನ ಗಂಟಿ

ಕಳೆದ ತಿಂಗಳು ನಮ್ಮ ಬೆಳಗಾವಿಯ ಸದಾಶಿವನಗರದ ಶಶಿಕಲಾ ವೈನಿ ಫೋನ್ ಮಾಡಿ, "ಅಣ್ಣಾರ, ಸ್ವಲ್ಪ ಬಂದು ಹೋಗ್ರಿ. ಒಂದು ಸಾಮಾನು ತರಿಸೇನಿ, ಅದನ್ನ ಹೆಂಗ ಹಚ್ಚೂದು ತಿಳೀವಲ್ದು" ಅಂದರು. ನಾನು ರೇಡಿಯೊ ರಿಪೇರಿ ಅಂಗಡಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಪರಿಚಯದವರ ಮನೆಗೆ ತಂತಿಯಿರುವ ಏನೇ ಬಂದರೂ, ತಂತಿಯಿಲ್ಲದ್ದು ಬಂದರೂ, ನನ್ನನ್ನೇ ಕರೆಯುತ್ತಾರೆ. ಕರೆಯಲಿ ಅಂತ ನಾನೂ ಕಾಯುತ್ತಿರುತ್ತೇನೆ, ಅದು ಬೇರೆ ಮಾತು. ನಮ್ಮಾಕಿಯನ್ನೂ ಕರೆದುಕೊಂಡು ಹೋದೆ.

ಡಬ್ಬಿ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ ಹೊಡೆಯಿತು. ಒಳಗೆ ಬಾಗಿಲ ಮುಂದೆ ಹಾಸುವಂಥ ಒಂದು ಕಪ್ಪು ಮ್ಯಾಟು, ಸಾಬೂನಿನ ಗಾತ್ರದ ಒಂದು ಪೆಟ್ಟಿಗೆ, ಮತ್ತೆ ಕನ್ನಡ ಒಂದನ್ನು ಬಿಟ್ಟು ಲೋಕದ ಎಲ್ಲ ಭಾಷೆಗಳಲ್ಲೂ ಅಚ್ಚಾದ ಒಂದು ಕಾಗದ. ವೈನಿಯ ಯಜಮಾನರು ಕಾಲೇಜಿನಲ್ಲಿ ಭೂಗೋಳ ಕಲಿಸಿದವರು. ಈಗ ಅವರಿಗೆ ಸ್ವಂತ ಮನೆಯ ಬಚ್ಚಲು ಯಾವ ದಿಕ್ಕಿಗಿದೆ ಅನ್ನುವುದು ಮರೆತಿದೆ. ಮರೆತರೆ ಮರೆಯಲಿ, ಅದನ್ನು ಹುಡುಕಿಕೊಂಡು ರಸ್ತೆಗೆ ಹೋಗಿಬಿಡುತ್ತಾರೆ. ಮಂಚದ ಬಾಜೂಕೆ ಈ ಮ್ಯಾಟು ಹಾಸಿದರೆ, ಅವರು ಕಾಲು ಇಟ್ಟ ಕೂಡಲೇ ಅಡುಗೆಮನೆಯಲ್ಲಿ ಪೆಟ್ಟಿಗೆ ಕೂಗುತ್ತದಂತೆ.

ನಾನು ಮ್ಯಾಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ವೈನಿ, ಇದನ್ನ ನಾನು ನಲವತ್ತು ವರ್ಷದ ಹಿಂದನ ಮಾಡಿದ್ದೆ" ಅಂದೆ.

ನಮ್ಮಾಕಿ ಚಹಾ ಕುಡಿಯುತ್ತಿದ್ದವಳು ಕಪ್ಪು ಕೆಳಗಿಟ್ಟಳು. "ಮಾಡಿದ್ದು ಖರೇ" ಅಂದಳು. "ಹೆಂಗ ಮಾಡಿದ್ರಿ ಅನ್ನೂದನ್ನೂ ಹೇಳ್ರಿ."

ಹೇಳುತ್ತೇನೆ. ನಿಮಗೂ ಪುರುಸೊತ್ತಿದ್ದರೆ ಕುಳಿತುಕೊಳ್ಳಿ.

ನನ್ನ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಖಾನಾಪುರ ತಾಲೂಕಿನಲ್ಲಿ ಮೂವತ್ತು ವರ್ಷ ಸರಕಾರಿ ನರ್ಸು ಆಗಿದ್ದಳು. ಹೆರಿಗೆ ಮಾಡಿಸುವುದೇ ಅವಳ ಕೆಲಸ. ಹೆಸರು ನೀಲವ್ವ. ಆದರೆ ಖಾನಾಪುರದಲ್ಲಿ ನೀಲವ್ವ ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನರ್ಸಬಾಯಿ ಅನ್ನಬೇಕು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಅವನ ಬಗ್ಗೆ ಅವಳು ಆಡುತ್ತಿದ್ದದ್ದು ಒಂದೇ ಮಾತು: "ಪಾಪ, ಅವಂಗ ಪುರುಸೊತ್ತ ಇರಲಿಲ್ಲ." ಅವಳ ಅಪ್ಪ ಮಗಳನ್ನು ಮೂಲೆಯಲ್ಲಿ ಕೂಡಿಸುವ ಬದಲು ಬೆಳಗಾವಿಗೆ ಕಳಿಸಿ ಈ ವಿದ್ಯೆ ಕಲಿಸಿದ. ಬಂಧುಬಳಗವೆಲ್ಲ ಮೂಗು ಮುರಿಯಿತು. ಮುಂದೆ ಆ ಮೂಗು ಮುರಿದವರ ಮನೆಗಳಲ್ಲೇ ಹೆರಿಗೆಗಳಾದವು, ಮಾಡಿಸಿದವಳು ಇವಳೇ.

ಗಿಡ್ಡ ಆಳು, ಗಟ್ಟಿ ಮೈ. ಬಿಳಿ ಸೀರೆ, ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು, ಹೆಗಲಿಗೆ ಕಪ್ಪು ಚೀಲ, ಸೊಂಟದಲ್ಲಿ ಮೂಗಿಗೇರಿಸುವ ತಪಕೀರಿನ ಡಬ್ಬಿ. ಪ್ರೀತಿಯನ್ನು ಕನ್ನಡದಲ್ಲಿ ಮಾಡುತ್ತಿದ್ದಳು, ಬೈಗುಳಕ್ಕೆ ಮರಾಠಿ ಇಟ್ಟುಕೊಂಡಿದ್ದಳು. "ಹೆರಿಗಿ ಅನ್ನೂದು ಅರ್ಧ ಬೈಗುಳದಿಂದ ಆಗ್ತೈತಿ, ಇನ್ನರ್ಧ ದೇವರು ಮಾಡ್ತಾನ. ನಾ ಬರೇ ಹಿಡ್ಕೋತೀನಿ" ಅನ್ನುತ್ತಿದ್ದಳು. ನನ್ನನ್ನೂ ಹಿಡಿದುಕೊಂಡವಳು ಅವಳೇ. ನಾನು ಕಾಲು ಮುಂದಾಗಿ ಬಂದೆನಂತೆ. ಏನಾದರೂ ತಪ್ಪು ಮಾಡಿದಾಗೆಲ್ಲ, "ಬರೂವಾಗನ ಉಲ್ಟಾ ಬಂದಾವ ಇವ" ಅಂತ ಮಂದಿಯ ಮುಂದೆ ಹೇಳುತ್ತಿದ್ದಳು. ನನ್ನ ಮದುವೆಯ ಮಾತುಕತೆಯಲ್ಲೂ ಹೇಳಿದಳು.

ಎಪ್ಪತ್ತರ ದಶಕದ ನಡುವೆ ನಿವೃತ್ತಳಾಗಿ ಬೆಳಗಾವಿಗೆ, ಹಿಂದವಾಡಿಯ ನಮ್ಮ ಮನೆಗೆ ಬಂದಳು. ಅವ್ವ ಅಷ್ಟೊತ್ತಿಗೆ ತೀರಿಕೊಂಡಿದ್ದಳು. ಮನೆಯಲ್ಲಿ ನಾನು, ನಮ್ಮಾಕಿ, ದೊಡ್ಡವ್ವ, ಮೂರೇ ಮಂದಿ. ಮುಂದಿನ ಖೋಲಿಯಲ್ಲಿ ನನ್ನ ಅಂಗಡಿ. ಐದಾರು ವರ್ಷ ಏನೂ ತೊಂದರೆಯಿಲ್ಲದೆ ಹೋದವು. ಆಮೇಲೆ ಒಂದು ದಿನ ಅವಳು ಚಹಾಕ್ಕೆ ಉಪ್ಪು ಹಾಕಿದಳು. ನಾನು ಅದು ನಮ್ಮಾಕಿ ಮಾಡಿದ ಚಹಾ ಅಂತ ತಿಳಿದು ಸುಮ್ಮನೆ ಕುಡಿದೆ. ಹಾಗಾಗಿ ಮೊದಲ ಲಕ್ಷಣ ನಮ್ಮ ಗಮನಕ್ಕೆ ಬರಲಿಲ್ಲ.

ಎರಡನೆಯದು ಬರದೇ ಇರಲು ಸಾಧ್ಯವಿರಲಿಲ್ಲ. ಮಧ್ಯಾಹ್ನ ಉಂಡು ಓಣಿಯೆಲ್ಲ ಮಲಗುವ ಹೊತ್ತಿಗೆ ದೊಡ್ಡವ್ವ ಎದ್ದು, ಬೂಟು ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಹೊರಬೀಳತೊಡಗಿದಳು. ಎಲ್ಲಿಗೆ ಅಂದರೆ, "ಹೆರಿಗಿ ಐತಿ." ಎರಡು ಮನೆ ಆಚೆ ಒಬ್ಬ ಡ್ರಾಯಿಂಗ್ ಮಾಸ್ತರರಿದ್ದರು. ಐವತ್ತು ದಾಟಿದ ಬ್ರಹ್ಮಚಾರಿ, ಹೊಟ್ಟೆ ಮಾತ್ರ ಸಂಸಾರಸ್ಥರದು. ಅವರು ಬಾಗಿಲು ತೆರೆದಿಟ್ಟು ಬರಿಮೈಯಲ್ಲಿ ಅಂಗಾತ ಮಲಗಿದ್ದಾಗ ದೊಡ್ಡವ್ವ ಒಳಗೆ ಹೋಗಿ, ಅಂಗೈಯಿಂದ ಹೊಟ್ಟೆಯನ್ನು ಮೇಲಿಂದ ಕೆಳಗೆ ಒತ್ತಿ ನೋಡಿ, "ಇನ್ನೂ ಟೈಮ್ ಐತಿ. ಹಿಂಗ ಮಕ್ಕೊಂಡಿರಬ್ಯಾಡ, ಎದ್ದು ಅಡ್ಡಾಡು" ಅಂದು ಬಂದಳು. ಸಂಜೆ ಮಾಸ್ತರರು ಅಂಗಡಿಗೆ ಬಂದಾಗ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರು ಬಹಳ ಗಂಭೀರವಾಗಿ, "ನಿಮ್ಮ ದೊಡ್ಡವ್ವಾರು ಹೇಳಿದ್ದು ಖರೇ ಐತ್ರಿ. ನಾ ಅಡ್ಡಾಡಬೇಕು" ಅಂದು, ಅವತ್ತಿನಿಂದ ದಿನಾ ಬೆಳಿಗ್ಗೆ ನಡೆಯಲು ಶುರುಮಾಡಿದರು.

ನಕ್ಕೆವು. ಎರಡು ವಾರ ನಕ್ಕೆವು. ಮೂರನೆಯ ವಾರ ರೈಲ್ವೆ ಗೇಟಿನವನು ಅವಳನ್ನು ರಟ್ಟೆ ಹಿಡಿದು ಕರೆತಂದ. ಗೇಟು ಬಿದ್ದ ಮೇಲೆ ಕೆಳಗೆ ನುಸುಳಿ ಹಳಿಯ ಮೇಲೆ ನಿಂತಿದ್ದಳಂತೆ, ಗಾಡಿಗೆ ಕೈ ಮಾಡುತ್ತಿದ್ದಳಂತೆ. ಅವತ್ತಿಗೆ ನಗು ನಿಂತಿತು.

ಡಾಕ್ಟರ ಹತ್ತಿರ ಹೋದೆವು. ಅವರು ನಾಲಿಗೆ ನೋಡಿದರು, ನಾಡಿ ನೋಡಿದರು, "ವಯಸ್ಸಾತು. ಹೊರಗ ಹೋಗದಂಗ ನೋಡ್ಕೋರಿ" ಅಂದರು. ಅದು ನಮಗೂ ಗೊತ್ತಿತ್ತು. ಬಾಗಿಲಿಗೆ ಚಿಲಕ ಹಾಕಿದೆವು. ದೊಡ್ಡವ್ವ ಒಳಗಿಂದ ಬಾಗಿಲು ಬಡಿದು, "ತಗೀರೋ, ಅಲ್ಲಿ ಒಬ್ಬಾಕಿ ಸಾಯಾಕತ್ಯಾಳ" ಅಂತ ಒದರಿದಳು. ಓಣಿಯ ಹೆಂಗಸರು ಬಂದು ನಮ್ಮನ್ನು ನೋಡಿದ ರೀತಿಗೆ ಚಿಲಕ ತೆಗೆಯಬೇಕಾಯಿತು. ಚೀಲ ಮುಚ್ಚಿಟ್ಟೆವು, ಬರಿಗೈಯಲ್ಲಿ ಹೋದಳು. ಬೂಟು ಮುಚ್ಚಿಟ್ಟೆವು, ನನ್ನ ಚಪ್ಪಲಿ ಹಾಕಿಕೊಂಡು ಹೋದಳು. ಕಡೆಗೆ ಎರಡನ್ನೂ ತಿರುಗಿ ಕೊಟ್ಟೆವು. ಶಿವಬಸವ ನಗರದಿಂದ ಬಂದ ನಮ್ಮ ಅಣ್ಣ, ಅಂದರೆ ನಮ್ಮಪ್ಪನ ಅಣ್ಣನ ಮಗ, ಕಾಲಿಗೆ ಗೆಜ್ಜೆ ಕಟ್ಟಿಬಿಡ್ರಿ ಅಂದ. ಆ ಮಾತು ದೊಡ್ಡವ್ವನ ಕಿವಿಗೆ ಬಿತ್ತು. "ನಿಮ್ಮಪ್ಪಗ ಕಟ್ಟು" ಅಂದಳು. ಅಷ್ಟರ ಮಟ್ಟಿಗೆ ತಲೆ ಚೆನ್ನಾಗಿಯೇ ಓಡುತ್ತಿತ್ತು.

ಆಗ ನನ್ನೊಳಗಿನ ವಿಜ್ಞಾನಿ ಎದ್ದ.

ಎಣ್ಣೆ ಡಬ್ಬಿ ಕತ್ತರಿಸಿ ಎರಡು ತಗಡು ಮಾಡಿದೆ. ನಡುವೆ ಸ್ಪಂಜಿನ ಹಾಳೆ, ಅದರಲ್ಲಿ ಅಲ್ಲಲ್ಲಿ ತೂತು. ತುಳಿದರೆ ತೂತಿನ ಮೂಲಕ ತಗಡಿಗೆ ತಗಡು ತಾಗಬೇಕು, ತಾಗಿದರೆ ಅಂಗಡಿಯಲ್ಲಿ ನನ್ನ ತಲೆಯ ಮೇಲೆ ಗಂಟೆ ಬಾರಿಸಬೇಕು. ಕರೆಂಟಿನ ಭರವಸೆ ಬೇಡ ಅಂತ ಬ್ಯಾಟರಿ ಸೆಲ್ಲು ಹಾಕಿದೆ. ಮೇಲೆ ಗೋಣಿತಾಟು ಹೊಲಿದು ಮಂಚದ ಬಾಜೂಕೆ ಹಾಸಿದೆ. ಓಣಿಯವರನ್ನೆಲ್ಲ ಕರೆದು ತುಳಿಸಿ ತೋರಿಸಿದೆ. ಎಲ್ಲರೂ ತುಳಿದರು, ಗಂಟೆ ಬಾರಿಸಿತು, ಹೊಗಳಿದರು. ಮರುದಿನ ಮಧ್ಯಾಹ್ನ ದೊಡ್ಡವ್ವ ಎದ್ದಳು, ಕೆಳಗೆ ನೋಡಿದಳು, ಹೊಸ ಹಾಸು ಹೊಲಸಾದೀತು ಅಂತ ಸೀರೆಯ ನೆರಿಗೆ ಎತ್ತಿ ಅದನ್ನು ದಾಟಿ ಹೋದಳು. ಮೂರು ದಿನದಲ್ಲಿ ಅದನ್ನು ತುಳಿದವರು ನಾನು, ನಮ್ಮಾಕಿ ಮತ್ತೆ ಬೆಕ್ಕು.

ತಗಡನ್ನು ಗಾದಿಯ ಕೆಳಗೆ ಸೇರಿಸಿದೆ, ಭಾರ ಎದ್ದರೆ ಗಂಟೆ ಬಾರಿಸುವ ಹಾಗೆ. ಅವಳು ಮಗ್ಗಲು ಬದಲಿಸಿದಾಗೆಲ್ಲ ಬಾರಿಸಿತು. ಆಮೇಲೆ ಖೋಲಿಯ ತುಂಬ ಜಮಖಾನ ಹಾಸಿ ಅದರ ಕೆಳಗೆ ತಗಡುಗಳನ್ನು ಹರಡಿದೆ. ಇದು ಸರಿಹೋಯಿತು. ಗಂಟೆ ಬಾರಿಸಿದ ಕೂಡಲೇ ನಾನು ಓಡಿದೆ. ದೊಡ್ಡವ್ವ ಖೋಲಿಯ ನಡುವೆ ನಿಂತು, ಮುಖದ ತುಂಬ ಬೆಳಕು ತುಂಬಿಕೊಂಡು, "ಬಂದ್ನಿ, ಬಂದ್ನಿ. ನೀರು ಕಾಸಾಕ ಹೇಳು. ಯಾವ ಊರಿಂದ ಬಂದಾರ?" ಅಂದಳು.

ಖಾನಾಪುರದ ಅವಳ ಮನೆಯ ಬಾಗಿಲಿಗೆ ಒಂದು ಎತ್ತಿನ ಗಂಟೆ ತೂಗುಹಾಕಿತ್ತು. ಹಳ್ಳಿಯಿಂದ ಕರೆಯಲು ಬಂದವರು ಅದನ್ನು ಬಾರಿಸಬೇಕು. ಶಾಲೆಯ ಸೂಟಿಗೆ ಅಲ್ಲಿಗೆ ಹೋದಾಗ ನಾನೇ ಎಷ್ಟೋ ಸಲ ಅದರ ಸದ್ದಿಗೆ ಬೆಚ್ಚಿದ್ದೇನೆ. ಗಂಟೆ ಅಂದರೆ ಅವಳಿಗೆ ಹೋಗು ಅಂತ ಅರ್ಥ. ಅವಳನ್ನು ತಡೆಯಲು ಇಡೀ ಲೋಕದಲ್ಲಿ ಇದ್ದಬದ್ದ ಸದ್ದುಗಳನ್ನೆಲ್ಲ ಬಿಟ್ಟು ನಾನು ಆರಿಸಿದ್ದು ಅದನ್ನೇ. ಮೊದಲು ವಾರಕ್ಕೆ ಎರಡು ಸಲ ಹೊರಡುತ್ತಿದ್ದವಳು, ನನ್ನ ಯಂತ್ರ ಕೈಗೂಡಿದ ಮೇಲೆ ದಿನಕ್ಕೆ ಎರಡು ಸಲ ಹೊರಡತೊಡಗಿದಳು.

ನಮ್ಮಾಕಿ, "ಗಂಟಿ ಬ್ಯಾಡ್ರಿ, ರೇಡಿಯೊ ಹಚ್ಚಿಬಿಡ್ರಿ" ಅಂದಳು. ತಮಾಷೆಗೆ ಅಂದಿದ್ದಳು. ನಾನು ಹಚ್ಚಿಯೇಬಿಟ್ಟೆ. ಜಮಖಾನ ತುಳಿದರೆ ಮಂಚದ ತಲೆಯ ಹತ್ತಿರದ ರೇಡಿಯೊ ಮಾತಾಡಲು ಶುರುಮಾಡುತ್ತಿತ್ತು. ಅಂಗಡಿಯವರೆಗೆ ಕೇಳಲಿ ಅಂತ ದೊಡ್ಡ ರೇಡಿಯೊ ಇಟ್ಟು, ಸೆಲ್ಲು ತೆಗೆದು ಕರೆಂಟಿಗೆ ಜೋಡಿಸಿದೆ. ಮೊದಲ ದಿನ ಯಾರೋ ಒಬ್ಬ ಗೊಬ್ಬರದ ವಿಷಯ ಮಾತಾಡುತ್ತಿದ್ದ. ದೊಡ್ಡವ್ವ ನಿಂತಳು, ಕೇಳಿದಳು, ಮಂಚದ ಮೇಲೆ ಕುಳಿತಳು. "ಯಾರ ಇಂವ? ಒಂದ ಸವನ ಮಾತಾಡ್ತಾನ" ಅಂದಳು. ಆದರೆ ಕುಳಿತಳು. ಹದಿನೈದು ದಿನ ಹಾಗೆಯೇ ನಡೆಯಿತು. ನನ್ನ ಹೆಮ್ಮೆಗೆ ಹಿಂದವಾಡಿ ಸಾಲದಾಯಿತು.

ಹದಿನಾರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅಂಗಡಿಯಲ್ಲಿ ಕೈಯಲ್ಲಿದ್ದ ಕೆಲಸ ನಿಂತಿತಲ್ಲ ಅಂತ ನಾನು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದೆ. ಕರೆಂಟು ಹೋದರೆ ರೇಡಿಯೊ ಕೂಡ ಹೋಗುತ್ತದೆ ಅನ್ನುವ ಸಂಗತಿ ಒಬ್ಬ ರೇಡಿಯೊ ರಿಪೇರಿಯವನಿಗೆ ಹೊಳೆಯಲಿಲ್ಲ. ಎಚ್ಚರಾದಾಗ ದೊಡ್ಡವ್ವ ಇರಲಿಲ್ಲ. ಚೀಲವೂ ಇರಲಿಲ್ಲ.

ನಮ್ಮಾಕಿ ಓಣಿಯ ಮನೆ ಮನೆಗೆ ಹೋದಳು. ನಾನು ರೈಲ್ವೆ ಗೇಟಿಗೆ ಓಡಿದೆ. ಓಡುವಾಗ ಏನೇನು ಕಣ್ಣ ಮುಂದೆ ಬಂತು ಅನ್ನುವುದನ್ನು ಬರೆಯಲಾರೆ. ಗೇಟಿನವನು ನೋಡಿಲ್ಲ ಅಂದ. ಖಾನಾಪುರ ರಸ್ತೆಯ ಪಾನ್ ಅಂಗಡಿಯವನು ನೋಡಿದ್ದ. "ನಿಮ್ಮ ದೊಡ್ಡವ್ವಾರೇನ್ರಿ? ಖಾನಾಪುರ ಬಸ್ಸಿಗೆ ಕೈ ಮಾಡಿದ್ರು. ಕಂಡಕ್ಟರ್ ಇಳದು ಕೈ ಹಿಡದು ಹತ್ತಿಸಿಕೊಂಡ. ಒಂದು ತಾಸಾತು" ಅಂದ.

ನನ್ನ ಹತ್ತಿರ ಇದ್ದದ್ದು ಒಂದು ಲೂನಾ. ಅದರ ಮೇಲೆ ಖಾನಾಪುರಕ್ಕೆ ಹೋಗುವುದು ಅಂದರೆ ನಡೆದು ಹೋಗುವುದಕ್ಕಿಂತ ಸ್ವಲ್ಪ ಬೇಗ, ಸೈಕಲ್ಲಿಗಿಂತ ಸ್ವಲ್ಪ ತಡ. ಪೀರನವಾಡಿ ದಾಟಿದ ಮೇಲೆ ಒಬ್ಬ ಹಾಲಿನವನು ಸೈಕಲ್ ಮೇಲೆ ನನ್ನನ್ನು ಹಿಂದೆ ಹಾಕಿ, ತಿರುಗಿ ಪಾಪ ಅನ್ನುವಂತೆ ನೋಡಿ ಹೋದ.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಚಹಾದವನನ್ನು ಕೇಳಿದೆ. "ನರ್ಸಬಾಯಿ? ಬಂದಿದ್ರಲ್ಲ. ಭಾಳ ವರ್ಷಕ್ಕ ನೋಡಿದ್ನಿ. ಹಂಚಿನ ಭಟ್ಟಿ ಕಡೆ ಹೋದ್ರು" ಅಂದ. ಭಟ್ಟಿಯ ಸಾಲಿನಲ್ಲಿ ಹಂಚು ಸುಡುವವರ ಮನೆಗಳು. ಮೊದಲ ಮನೆಯಲ್ಲಿ, "ಬಂದಿದ್ರು. ಬಸುರಿ ಎಲ್ಲಿ ಅಂತ ಕೇಳಿದ್ರು. ಯಾರೂ ಇಲ್ಲ ಅಂದ್ರ ಬೈದು ಹೋದ್ರು" ಅಂದರು. ಎರಡನೆಯ ಮನೆಯಲ್ಲೂ ಅದೇ. ಬೈಗುಳದ ಜಾಡು ಹಿಡಿದು ಆರೇಳು ಮನೆ ದಾಟಿದೆ. ಕೊನೆಯ ಮನೆಯ ಅಂಗಳದಲ್ಲಿ ಒಲೆ ಹೊತ್ತಿತ್ತು, ದೊಡ್ಡ ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಹೆಂಗಸರು ಒಳಗೆ ಹೊರಗೆ ಓಡಾಡುತ್ತಿದ್ದರು. ಒಳಗಿನಿಂದ ಒಂದು ಹುಡುಗಿಯ ನರಳಾಟ, ಅದರ ಮೇಲೆ ನಮ್ಮ ದೊಡ್ಡವ್ವನ ಮರಾಠಿ.

ಇದನ್ನು ಪವಾಡ ಅಂತ ಮುಂದೆ ಬಹಳ ಮಂದಿ ಹೇಳಿದರು. ಆ ಕಾಲದಲ್ಲಿ ಹತ್ತು ಮನೆ ಕೇಳಿದರೆ ಒಂದು ಮನೆಯಲ್ಲಿ ದಿನ ತುಂಬಿದ ಬಸುರಿ ಇರುವುದು ಪವಾಡವೇನಲ್ಲ. ನನಗೆ ಅವತ್ತು ಅನ್ನಿಸಿದ್ದು ಹೆದರಿಕೆ ಒಂದೇ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲದವಳು. ಬಾಗಿಲಿನಾಚೆ ಒಂದು ಚೊಚ್ಚಲ ಹೆರಿಗೆ. ನಾನು ಬಾಯಿಬಿಟ್ಟರೆ ಮೂವತ್ತು ವರ್ಷ ಈ ಊರು ತಲೆಯ ಮೇಲೆ ಹೊತ್ತುಕೊಂಡ ಹೆಂಗಸನ್ನು ಮಂದಿಯ ಮುಂದೆ ಹುಚ್ಚಿ ಅಂದ ಹಾಗೆ. ಬಿಡದಿದ್ದರೆ ಏನಾದೀತೋ. ಹಂಚಿನ ರಾಶಿಗೆ ಕೈಕೊಟ್ಟು ನಿಂತುಕೊಂಡೆ. ಎಷ್ಟು ಹೊತ್ತು ನಿಂತೆ ನೆನಪಿಲ್ಲ. ಒಂದು ನಿಮಿಷವಾದರೂ ಜಾಸ್ತಿ ನಿಂತೆ ಅನ್ನುವುದು ನೆನಪಿದೆ.

ಆ ಮನೆಯ ಹಿರಿಯಳು ಪಾರ್ವತಿಬಾಯಿ ಹೊರಗೆ ಬಂದಾಗ ಅವಳನ್ನು ಬದಿಗೆ ಕರೆದು, ನಾನು ಯಾರು ಅಂತ ಹೇಳಿ, "ಅವರಿಗೆ ಈಗ ತಲಿ ನೆಟ್ಟಗಿಲ್ರಿ. ಏನೂ ನೆನಪಿರೂದಿಲ್ಲ. ಅವರ ಕೈಯಾಗ ಬಿಡಬ್ಯಾಡ್ರಿ" ಅಂದೆ.

"ಗೊತ್ತೈತಿ, ತಮ್ಮಾ" ಅಂದಳು ಪಾರ್ವತಿಬಾಯಿ. "ಬಂದಾಕಿನ ನನ್ನ ಹೊಟ್ಟಿ ಮುಟ್ಟಿ, ಯಾಕ ಪಾರ್ವತಿ, ಇನ್ನೂ ಹಡದಿಲ್ಲೇನು ಅಂದ್ರು. ನಂಗ ಈಗ ಅರವತ್ತು. ದವಾಖಾನಿಗೆ ಹೇಳಿ ಕಳಿಸೇವಿ, ಹೊಸಾ ನರ್ಸು ಬರ್ತಾರ. ಅಲ್ಲೀತನಕ ನರ್ಸಬಾಯಿ ತಲಿಕಡೆ ಕುಂತು ಬಯ್ಲಿ. ನನ್ನ ಮೂರೂ ಹೆರಿಗಿಯಾಗ ಬೈದಾರ. ಸೊಸಿಗೂ ಒಂದೀಟು ಬೀಳ್ಲಿ."

ಹೊಸ ನರ್ಸು ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಉದ್ದ ಜಡೆ, ಕೈಯಲ್ಲಿ ಗಡಿಯಾರ. ಅವಳಿಗೂ ವಿಷಯ ಹೇಳಿದೆ. ತಲೆ ಆಡಿಸಿ ಒಳಗೆ ಹೋದಳು. ಬಾಗಿಲಿಗೆ ಪರದೆ ಮಾತ್ರ ಇತ್ತು, ಮಾತು ಕೇಳುತ್ತಿತ್ತು.

"ನೀ ಯಾರು?" ಅಂದಳು ದೊಡ್ಡವ್ವ.

"ನಿಮ್ಮ ಕೈಯಾಗ ಕಲಿಯಾಕ ಬಂದೀನ್ರಿ, ಬಾಯಿ."

"ಕೈ ತೊಳಕೊಂಡಿಯೇನು?"

"ತೊಳಕೊಂಡೀನ್ರಿ."

"ಮತ್ತೊಮ್ಮೆ ತೊಳಕೋ."

ನೀರು ಸುರಿದ ಸದ್ದು ಕೇಳಿತು. ಆ ಹುಡುಗಿ ಮತ್ತೊಮ್ಮೆ ತೊಳೆದುಕೊಂಡಳು. ಆಮೇಲೆ ತನ್ನ ಗಡಿಯಾರ ಬಿಚ್ಚಿ ದೊಡ್ಡವ್ವನ ಕೈಗೆ ಕೊಟ್ಟು, ನೋವು ಎಷ್ಟೆಷ್ಟು ಹೊತ್ತಿಗೆ ಬರ್ತಾವ ನೀವು ಎಣಸ್ರಿ ಬಾಯಿ ಅಂದಳು. ದೊಡ್ಡವ್ವ ಎಣಿಸಿದಳು. ನಡುನಡುವೆ ಲೆಕ್ಕ ತಪ್ಪುತ್ತಿತ್ತು. ತಪ್ಪಿದಾಗೆಲ್ಲ ಹೆರುವವಳಿಗೆ ಬೈದು ಮೊದಲಿನಿಂದ ಶುರುಮಾಡುತ್ತಿದ್ದಳು. ಹೊತ್ತು ಇಳಿಯಿತು. ನಾನೂ ಹೆರುವವಳ ಗಂಡನೂ ಹಂಚಿನ ಮೇಲೆ ಕುಳಿತಿದ್ದೆವು. ಅವನ ಮೈಯೆಲ್ಲ ಕೆಂಪು ಮಣ್ಣು, ನನ್ನ ಮೈಯೆಲ್ಲ ಲೂನಾದ ಎಣ್ಣೆ.

ಕಡೆಗೆ ಒಳಗೆ ಗಡಿಬಿಡಿಯಾಯಿತು. "ಸರಿ ಅತ್ಲಾಗ, ನಾ ಹಿಡೀತೀನಿ" ಅಂದಳು ದೊಡ್ಡವ್ವ. ನಾನು ಎದ್ದು ನಿಂತೆ.

"ಬಾಯಿ, ಇದೊಂದು ನಾ ಹಿಡೀತೀನ್ರಿ. ನೀವು ನೋಡ್ರಿ. ತಪ್ಪಿದ್ರ ಹೇಳ್ರಿ" ಅಂದಳು ನರ್ಸು.

ಆಮೇಲೆ ದೊಡ್ಡವ್ವ, "ಹಿಡಿ. ನೋಡ್ತೀನಿ" ಅಂದಳು.

ಹೆಣ್ಣು ಕೂಸು. ಅತ್ತದ್ದು ಓಣಿಗೆಲ್ಲ ಕೇಳಿತು. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಹೊರಗೆ ಬಂದು ನನ್ನ ಬಾಜೂಕೆ ಹಂಚಿನ ಮೇಲೆ ಕುಳಿತು, ತಪಕೀರು ಏರಿಸಿದಳು.

"ಹುಡುಗಿ ಚಲೋ ಮಾಡಿದ್ಲು" ಅಂದಳು. "ನಾ ಏನೂ ಮಾಡ್ಲಿಲ್ಲ." ಆಮೇಲೆ ಸುತ್ತ ನೋಡಿದಳು. "ಯಾರ ಮನಿ ಇದು? ನಾ ಯಾಕ ಬಂದ್ನಿ ಇಲ್ಲಿ?"

"ಕರದಿದ್ರು, ದೊಡ್ಡವ್ವ."

"ಹಂಗಾರ ಬರಬೇಕಲ್ಲ" ಅಂದಳು.

ಲೂನಾವನ್ನು ಭಟ್ಟಿಯ ಹತ್ತಿರ ಬಿಟ್ಟು ಬಸ್ಸಿಗೆ ಬೆಳಗಾವಿಗೆ ಬಂದೆವು. ದಾರಿಯುದ್ದಕ್ಕೂ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದಳು. ಮನೆಗೆ ಬಂದಾಗ ನಮ್ಮಾಕಿ ಬಾಗಿಲಲ್ಲೇ ಕುಳಿತಿದ್ದಳು. ಅತ್ತು ಅತ್ತು ಮುಖ ಬಾತಿತ್ತು. ಆ ರೇಡಿಯೊವನ್ನು ಎತ್ತಿ ಅಟ್ಟಕ್ಕೆ ಹಾಕಿದಳು.

ಗಂಟೆಯನ್ನು ಮತ್ತೆ ಜೋಡಿಸಿದೆ, ಸೆಲ್ಲಿನ ಮೇಲೆ. ಆದರೆ ಈಗ ಅದು ಅವಳಿಗಲ್ಲ, ನನಗೆ. ಗಂಟೆ ಬಾರಿಸಿದರೆ ನಾನು ಅಂಗಡಿಯ ಬಾಗಿಲು ಎಳೆದು ಚಪ್ಪಲಿ ಹಾಕಿಕೊಳ್ಳಬೇಕು. ದೊಡ್ಡವ್ವ ಮುಂದೆ, ಚೀಲ ಹೊತ್ತು ನಾನು ಹಿಂದೆ. ಹಿಂದವಾಡಿಯ ಓಣಿಗಳಲ್ಲಿ ಒಂದು ಸುತ್ತು. ಹೆಂಗಸರಿಗೆ ಮೊದಲೇ ಹೇಳಿಟ್ಟಿದ್ದೆವು. ಬಾಗಿಲಲ್ಲಿ ನಿಂತು, "ಹೆರಿಗಿ ಆತ್ರಿ ಬಾಯಿ, ಗಂಡು ಕೂಸು. ತಾಯಿ ಮಕ್ಕೊಂಡಾಳ. ಕುಂದರ್ರಿ, ಚಹಾ ಕುಡೀರಿ" ಅನ್ನುತ್ತಿದ್ದರು. ಒಂದೊಂದು ಓಣಿಯಲ್ಲಿ ದಿನಕ್ಕೆ ಮೂರು ನಾಲ್ಕು ಕೂಸು ಹುಟ್ಟುತ್ತಿದ್ದವು. ದೊಡ್ಡವ್ವ ಸಮಾಧಾನದಿಂದ ಮನೆಗೆ ಬರುತ್ತಿದ್ದಳು. ಆ ಒಂದೂವರೆ ವರ್ಷ ನಾನು ಕುಡಿದಷ್ಟು ಚಹಾ ಯಾವ ಪೊಲೀಸರೂ ಕುಡಿದಿರಲಿಕ್ಕಿಲ್ಲ.

ಇಲ್ಲಿಗೆ ಈ ಕತೆ ಮುಗಿಸಬಹುದಾಗಿತ್ತು. ನಲವತ್ತು ವರ್ಷ ನಾನು ಇಲ್ಲಿಗೇ ಮುಗಿಸುತ್ತ ಬಂದಿದ್ದೇನೆ.

ಊರಿಗೆ ಟಿವಿ ಬಂತು. ರೇಡಿಯೊ ಬಿಟ್ಟು ಜನ ಟಿವಿ ಹೊತ್ತು ತರತೊಡಗಿದರು. ಒಂದು ಶನಿವಾರ ಬೆಂಚಿನ ಮೇಲೆ ಯಾರದೋ ಟಿವಿ ಬಿಚ್ಚಿ ಹರಡಿತ್ತು, ಸಂಜೆಗೆ ಕೊಡಬೇಕಾಗಿತ್ತು. ಅವತ್ತು ಬೆಳಿಗ್ಗೆಯೇ ಎರಡು ಸುತ್ತು ಆಗಿದ್ದವು. ಊಟವಾದ ಮೇಲೆ ನಾನು ಗಂಟೆ ಬಾರಿಸದಿರಲಿ ಅಂತ ಅದರ ತಂತಿಯ ಒಂದು ಕ್ಲಿಪ್ಪು ಬಿಚ್ಚಿದೆ. ಒಂದೇ ತಾಸು ಅಂದುಕೊಂಡೆ. ಎದ್ದರೂ ಹೊರಗೆ ಹೋಗುವ ದಾರಿ ಅಂಗಡಿಯ ಮುಂದಿನಿಂದಲೇ, ಕಣ್ಣಿಗೆ ಬೀಳುತ್ತಾಳೆ ಅಂದುಕೊಂಡೆ. ಅವಳು ಅವತ್ತು ಹಿತ್ತಲ ಬಾಗಿಲಿಗೆ ಹೋದಳು. ಮೆಟ್ಟಿಲ ಮೇಲಿಂದ ಬಿದ್ದ ಸದ್ದು ಕೇಳಿತು.

ಸೊಂಟದ ಎಲುಬು ಮುರಿದಿತ್ತು. ಸಂಜೆ ಶಿವಬಸವ ನಗರದ ಅಣ್ಣ ಬಂದವನು, "ಗಂಟಿ ಬಾರಸ್ಲಿಲ್ಲೇನು?" ಅಂತ ಕೇಳಿ ನೋಡಲು ಅಂಗಡಿಗೇ ನಡೆದ. "ಸೆಲ್ ಇಳಿದಿತ್ತು" ಅಂದೆ. ಅವನ ಹಿಂದೆಯೇ ಹೋಗಿ ನೋಡಿದರೆ ಕ್ಲಿಪ್ಪು ತನ್ನ ಜಾಗದಲ್ಲೇ ಇತ್ತು. ಗಾಬರಿಯಲ್ಲಿ ನಾನೇ ಸಿಗಿಸಿರಬೇಕು ಅಂದುಕೊಂಡೆ. ದೊಡ್ಡವ್ವ ಎಂಟು ತಿಂಗಳು ಮಲಗಿದಲ್ಲೇ ಇದ್ದು ತೀರಿಕೊಂಡಳು. ವಯಸ್ಸಾಗಿತ್ತು ಅಂದರು ಎಲ್ಲರೂ. ನಾನೂ ಹೂಂ ಅಂದೆ. ಖಾನಾಪುರದಿಂದ ಪಾರ್ವತಿಬಾಯಿ ಬಂದಿದ್ದಳು, ಆ ನರ್ಸು ಬಂದಿದ್ದಳು. ಅವರ ಮುಖ ನೋಡಲಾಗದೆ ನಾನು ಚಿತೆಗೆ ಕಟ್ಟಿಗೆ ತಂದವನ ಜೊತೆ ಸುಮ್ಮಸುಮ್ಮನೆ ವಾದ ಮಾಡುತ್ತ ನಿಂತಿದ್ದೆ.

ಶಶಿಕಲಾ ವೈನಿಯ ಮನೆಯಲ್ಲಿ ನಾನು ಪೊಲೀಸರ ಚಹಾದವರೆಗೆ ಹೇಳಿ, ಎಲ್ಲರನ್ನೂ ನಗಿಸಿ, ಮ್ಯಾಟನ್ನು ಮಂಚದ ಬಾಜೂಕೆ ಹಾಸಿ, ಪೆಟ್ಟಿಗೆಯನ್ನು ಅಡುಗೆಮನೆಯಲ್ಲಿಟ್ಟೆ. ತುಳಿದೆ, ಕೂಗಿತು. ವೈನಿ ಅದನ್ನು ಕೈಯಲ್ಲಿ ಹಿಡಿದು ನೋಡುತ್ತ, ದನಿ ತಗ್ಗಿಸಿ, "ಅಣ್ಣಾರ, ಇದನ್ನ ಬಂದ್ ಮಾಡೂದು ಎಲ್ಲೈತ್ರಿ? ಒಂದು ತಾಸು ನಿದ್ದಿ ಮಾಡಬೇಕಂದ್ರ?" ಅಂತ ಕೇಳಿದರು. ಕೇಳಿದ್ದಕ್ಕೆ ತಾವೇ ನಾಚಿಕೊಂಡು ಪೆಟ್ಟಿಗೆ ಕೆಳಗಿಟ್ಟರು. ಅವರ ಕಣ್ಣ ಸುತ್ತಲಿನ ಕಪ್ಪು ನಾನು ಆಗ ನೋಡಿದೆ.

ಬಂದ್ ಮಾಡುವ ಗುಂಡಿ ಬದಿಯಲ್ಲಿತ್ತು. ತೋರಿಸಿದೆ. ತೋರಿಸಿ, ಕ್ಲಿಪ್ಪಿನ ವಿಷಯವನ್ನೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ನಮ್ಮಾಕಿ ಎದುರಿಗೇ ಕುಳಿತಿದ್ದಳು. ಅವಳ ಕಡೆ ನೋಡದೆ ಹೇಳಿದೆ.

"ನಂಗ ಗೊತ್ತೈತಿ" ಅಂದಳು ನಮ್ಮಾಕಿ. "ಕ್ಲಿಪ್ಪು ನಾನ ಸಿಗಸಿದ್ದೆ. ನಿಮ್ಮಣ್ಣಾರು ನೋಡಾಕ ಬರ್ತಾರ ಅಂತ ಗೊತ್ತಿತ್ತು."

"ಮತ್ತ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಅಂದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಅದಕ್ಕಿಂತ ಮೊದಲ ನಾನೂ ಎರಡು ಸಲ ಬಿಚ್ಚಿದ್ದೆ. ನೀವು ಊರಾಗ ಇರದಾಗ. ಎರಡೂ ಸಲ ದೊಡ್ಡವ್ವ ಏಳ್ಲಿಲ್ಲ, ಅಷ್ಟ."

ವೈನಿ ಎದ್ದು ಒಳಗೆ ಹೋಗಿ ಇನ್ನೊಂದು ಸುತ್ತು ಚಹಾ ಮಾಡಿಕೊಂಡು ಬಂದರು.

ಈಗ ವಾರಕ್ಕೆ ಮೂರು ದಿನ ಮಧ್ಯಾಹ್ನ ನಾವಿಬ್ಬರೂ ಸದಾಶಿವನಗರಕ್ಕೆ ಹೋಗುತ್ತೇವೆ. ವೈನಿ ಖೋಲಿಯ ಬಾಗಿಲು ಎಳೆದುಕೊಂಡು ಎರಡು ತಾಸು ಮಲಗುತ್ತಾರೆ, ನಮ್ಮಾಕಿ ಮನೆ ನೋಡಿಕೊಳ್ಳುತ್ತಾಳೆ. ಪ್ರೊಫೆಸರ್ ಸಾಹೇಬರು ಎದ್ದರೆ ನಾನು ಅವರ ಜೊತೆ ಹೊರಡುತ್ತೇನೆ. ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು, ನಡಿಗೆ ಮಾತ್ರ ನನ್ನದರ ಎರಡರಷ್ಟು. ರಸ್ತೆ ದಾಟುವಾಗ ಅವರೇ ನನ್ನ ರಟ್ಟೆ ಹಿಡಿಯುತ್ತಾರೆ. ದಾರಿ ತಪ್ಪಿದವನು ನಾನು ಅಂತ ಅವರ ತಿಳುವಳಿಕೆ.

"ನಿಮ್ಮ ಮನಿ ಎಲ್ಲೈತ್ರಿ?" ಅಂತ ಪ್ರತಿಸಲವೂ ಬಹಳ ಕಾಳಜಿಯಿಂದ ಕೇಳುತ್ತಾರೆ.

"ಹಿಂದವಾಡಿಯಾಗ್ರಿ" ಅನ್ನುತ್ತೇನೆ.

"ಗಾಬರಿ ಆಗಬ್ಯಾಡ್ರಿ" ಅನ್ನುತ್ತಾರೆ. "ನಾ ಮುಟ್ಟಸ್ತೀನಿ."